ಅಪ್ಪನ ಬೊಲೆರೊ: ಸಿಂಗಾರಕ್ಕೆ ಮೊದಲು ಅಡಿಯ ಕೆಲಸ

ಇದು ಅಪ್ಪ 2009ರಲ್ಲಿ ಪಾಂಡವಪುರದ ಹತ್ತಿರ ಇರುವ ನಮ್ಮ ಊರಿಗೆ ತಂದ ಬೊಲೆರೊ. ಕಬ್ಬಿನ ಬಿತ್ತನೆ, ಗೊಬ್ಬರದ ಮೂಟೆ, ಹಸುವಿನ ಹಿಂಡಿ, ಮದುವೆ ಮನೆ ಪಾತ್ರೆ ಎಲ್ಲವನ್ನೂ ಹೊತ್ತಿದೆ. ಮಂಡಿ ನೋವು ಜಾಸ್ತಿಯಾಗಿ ಅಪ್ಪ ಓಡಿಸುವುದು ಬಿಟ್ಟರು. ಮಾರಲು ನನಗೆ ಮನಸ್ಸು ಬರಲಿಲ್ಲ, ಮೈಸೂರಿಗೆ ತಂದೆ. ಹೆಂಡತಿ, ಇಬ್ಬರು ಮಕ್ಕಳ ಜೊತೆ ಶನಿವಾರ ಭಾನುವಾರ ಹೊಳೆ ದಂಡೆ, ಬೆಟ್ಟದ ಬುಡ ಅಂತ ಸುತ್ತುವುದಕ್ಕೆ ಇದನ್ನೇ ಸಜ್ಜು ಮಾಡಬೇಕು ಅನ್ನುವುದು ಆಸೆ.

ಮೊದಲ ತಿಂಗಳಲ್ಲೇ ಮೇಲೆ ಕ್ಯಾರಿಯರ್ ಹಾಕಿಸಿದೆ, ಒಳಗೆ ಎಲ್‌ಇಡಿ ದೀಪ ಹಾಕಿಸಿದೆ. ಅಪ್ಪ ನೋಡಿ, "ಮೇಲ್ ಸಿಂಗಾರ ಆಮೇಲ್ ಮಾಡ್ಕೊ ಕಣಪ್ಪ, ಮೊದ್ಲು ಅಡಿಗ್ ಬಗ್ಗಿ ನೋಡು" ಅಂದರು. ಆಗಲಿ ಅಂದೆ, ನೋಡಲಿಲ್ಲ.

ಕಾವೇರಿ ದಂಡೆಯ ಮುತ್ತತ್ತಿಗೆ ಹೋದಾಗ ಗೊತ್ತಾಯಿತು. ಇಳಿಯುವಾಗ ಏನೂ ತೊಂದರೆ ಇರಲಿಲ್ಲ. ಸಂಜೆ ಹಲಗೂರಿನ ಕಡೆ ಕಾಡಿನ ಏರು ಹತ್ತುತ್ತಿದ್ದೆವು. ಟೆಂಪರೇಚರ್ ಮುಳ್ಳು ಮೇಲೇಳುವುದನ್ನು ಮಗಳೇ ಮೊದಲು ನೋಡಿದ್ದು. ಗಾಡಿ ಪಕ್ಕಕ್ಕೆ ಹಾಕುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ. ರೇಡಿಯೇಟರ್‌ನ ಮೇಲಿನ ಹೋಸ್ (ಇಂಜಿನ್ ತಣ್ಣಗಿಡುವ ನೀರು ಹರಿಯುವ ರಬ್ಬರ್ ಪೈಪ್) ಉದ್ದಕ್ಕೆ ಸೀಳಿತ್ತು. ಫೋನ್‌ಗೆ ಸಿಗ್ನಲ್ ಇಲ್ಲ, ಆನೆ ಓಡಾಡುವ ಜಾಗ ಬೇರೆ. ಇಂಜಿನ್ ಆರುವ ತನಕ ಮುಕ್ಕಾಲು ಗಂಟೆ ಕಾದೆವು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬಾರದು. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿಗಿಂತ ಮೇಲಿರಬಹುದು, ತೆಗೆದ ತಕ್ಷಣ ಮುಖಕ್ಕೇ ಚಿಮ್ಮುತ್ತದೆ. ಆಮೇಲೆ ಹಳೇ ಟ್ಯೂಬಿನ ಪಟ್ಟಿಯನ್ನು ಸೀಳಿನ ಮೇಲೆ ಬಿಗಿಯಾಗಿ ಸುತ್ತಿ ತಂತಿ ಕಟ್ಟಿದೆ. ಕುಡಿಯುವ ನೀರನ್ನೆಲ್ಲ ರೇಡಿಯೇಟರ್‌ಗೆ ಸುರಿದೆ. ಒತ್ತಡ ಏರದಿರಲಿ ಅಂತ ಮುಚ್ಚಳವನ್ನು ಅರ್ಧ ಮಾತ್ರ ತಿರುಗಿಸಿ, ನಿಂತು ನಿಂತು ಹಲಗೂರು ಸೇರಿದೆವು. ಮಕ್ಕಳು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಮಾರನೇ ದಿನ ಬನ್ನಿಮಂಟಪದ ಕಡೆ ಇರುವ ನಮ್ಮ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಅಣ್ಣ ಕೆಳಗಿನ ಹೋಸನ್ನು ಹೆಬ್ಬೆರಳಲ್ಲಿ ಒತ್ತಲು ಹೇಳಿದರು. ಒತ್ತಿದರೆ ಒಳಗೆ ಚರಚರ ಅಂತು, ಮೇಲೆ ಕೂದಲಿನಷ್ಟು ಸಣ್ಣ ಬಿರುಕುಗಳು ತೆರೆದುಕೊಂಡವು. ಕ್ಲಿಪ್ ಸುತ್ತ ಉಪ್ಪು ಕಟ್ಟಿದ ಹಾಗೆ ಬಿಳಿ ಪುಡಿ. "ಸಾರ್, ಮೀಟರ್ ನೋಡ್ಬೇಡಿ, ವಯಸ್ಸು ನೋಡಿ" ಅಂದರು. ಓಡಿದ್ದು ಬರೀ 1,10,000 ಕಿಲೋಮೀಟರ್ ಅಂತ ನಾನು ಖುಷಿಯಾಗಿದ್ದೆ. ಆದರೆ ರಬ್ಬರ್ ಓಡಿದ್ದಕ್ಕಿಂತ ಹೆಚ್ಚಾಗಿ ವರ್ಷಕ್ಕೆ ಹಾಳಾಗುತ್ತದೆ. ಬಿಸಿ, ಎಣ್ಣೆ, ಬಿಸಿಲು ಸೇರಿ ಅದನ್ನು ಒಣಗಿಸುತ್ತವೆ. ಗಾಡಿ ಸುಮ್ನೆ ನಿಂತಿದ್ದರೂ ಅಷ್ಟೇ.

ಇನ್ನೊಂದು ತಪ್ಪು ನಮ್ಮ ಮನೆಯದೇ. ವರ್ಷಗಟ್ಟಲೆ ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕಿದ್ದೆವು. ನಮ್ಮ ಕಡೆ ಬೋರ್ ನೀರು ಗಡಸು. ಪಾತ್ರೆ ತಳದಲ್ಲಿ ಹೇಗೆ ಬಿಳಿ ಪದರ ಕಟ್ಟುತ್ತದೋ ಹಾಗೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟಿತ್ತು. ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡಿಸಿ, ಎಲ್ಲ ಹೋಸ್, ಫ್ಯಾನ್ ಬೆಲ್ಟ್, ಥರ್ಮೋಸ್ಟಾಟ್ (ಬಿಸಿ ನೋಡಿ ನೀರು ಬಿಡುವ ವಾಲ್ವ್), ಮುಚ್ಚಳ ಹೊಸದು ಹಾಕಿಸಿದೆವು. ಈಗ ಕೂಲಂಟ್ (ಇಂಜಿನ್ ತಣಿಸುವ ದ್ರವ) ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ. ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದರ ಸ್ಪ್ರಿಂಗ್ ಸಡಿಲವಾದರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ.

ಅದೇ ಕೈಗೆ ಬ್ರೇಕಿನ ರಬ್ಬರ್ ಪೈಪ್‌ಗಳು, ಇಂಜಿನ್ ಕೂರುವ ರಬ್ಬರ್ ಮೌಂಟಿಂಗ್, ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್ ಎಲ್ಲ ಬದಲಾಯಿಸಿದೆ. ಕೆಲವು ಸಾಮಾನು ಇಲ್ಲಿ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕಾಯಿತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಉದ್ದ ಇಳಿಜಾರಿನಲ್ಲಿ ಕಾದಾಗ ಆ ತೇವ ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುತ್ತೇನೆ. ಬ್ರೇಕ್ ಕಾಯದಿರಲಿ ಅಂತ ಬೆಟ್ಟ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯುತ್ತೇನೆ.

ನಿಜವಾಗಿ ಹೊಟ್ಟೆ ಉರಿದದ್ದು ಹಿಂದಿನ ಮ್ಯಾಟ್ ಎತ್ತಿದಾಗ. ಯೂರಿಯಾ, ಪೊಟ್ಯಾಷ್ ಮೂಟೆ ಇಡುತ್ತಿದ್ದ ಜಾಗದಲ್ಲಿ ತಗಡು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಏಳುತ್ತಿತ್ತು. ಸ್ಕ್ರೂ ಡ್ರೈವರ್ ಒತ್ತಿದರೆ ಸೀದಾ ಆಚೆ ಬಂತು. ಉದುರಿದ ಗೊಬ್ಬರ ತೇವ ಹಿಡಿದು ಕಬ್ಬಿಣವನ್ನು ತಿನ್ನುತ್ತದೆ. ರೈತರ ಮನೆ ಗಾಡಿ ತಗೊಳ್ಳುವವರು ಮೊದಲು ಇಲ್ಲೇ ನೋಡಬೇಕು. ಗಾಡಿಯ ಕೆಳಚೌಕಟ್ಟಾದ ಚಾಸಿಯ ಒಳಗೆ ಗದ್ದೆ ಮಣ್ಣು ತುಂಬಿತ್ತು. ಪೈಪ್ ಬಿಟ್ಟು ತೊಳೆದರೆ ಅರ್ಧ ಗಂಟೆ ಕೆಸರು ನೀರೇ ಬಂತು. ಪುಣ್ಯಕ್ಕೆ ಚಾಸಿ ಗಟ್ಟಿ ಇತ್ತು. ಟಿಂಕರಿಂಗ್‌ನವರು ಕೊಳೆತ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿದರು. ಆಮೇಲೆ ಎರಡು ದಿನ ಬಿಸಿಲಲ್ಲಿ ಒಣಗಿಸಿಯೇ ಪ್ರೈಮರ್, ಅಂಡರ್ ಕೋಟಿಂಗ್ ಹೊಡೆಸಿದೆ. ಒದ್ದೆಯ ಮೇಲೆ ಹೊಡೆದರೆ ತುಕ್ಕು ಒಳಗೇ ಬೆಳೆಯುತ್ತದೆ. ನೀರು ಇಳಿಯುವ ತೂತುಗಳನ್ನು ಕೋಟಿಂಗ್ ಮುಚ್ಚದ ಹಾಗೆ ನಾನೇ ಪಕ್ಕದಲ್ಲಿ ನಿಂತು ನೋಡಿಕೊಂಡೆ.

ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಮೂಟೆ ಹೊರಲು ಅಂತ ಅಪ್ಪ ಒಂದು ಬ್ಲೇಡ್ (ಉಕ್ಕಿನ ಪಟ್ಟಿ) ಜಾಸ್ತಿ ಹಾಕಿಸಿದ್ದರು. ನಮ್ಮ ಸಾಮಾನು ಅಷ್ಟು ಭಾರ ಅಲ್ಲ, ತೆಗೆಸಿದೆ. ಈಗ ಹಿಂದೆ ಕೂತ ಮಕ್ಕಳಿಗೆ ಎತ್ತಿ ಹಾಕುವುದಿಲ್ಲ.

ಟೈರ್ ವಿಷಯದಲ್ಲಿ ಎಲ್ಲರೂ 235/75 ಆರ್15 ಅನ್ನುವ ದೊಡ್ಡ ಅಳತೆಯದು ಹಾಕಿಸಿ ಅಂದರು. ನಮ್ಮದಕ್ಕೆ ಕಂಪನಿ ಕೊಟ್ಟಿದ್ದು 215/75 ಆರ್15. ದೊಡ್ಡದು ಹಾಕಿದರೆ ಸುತ್ತಳತೆ ಶೇಕಡ 4ಕ್ಕಿಂತ ಸ್ವಲ್ಪ ಜಾಸ್ತಿಯಾಗುತ್ತದೆ. ಮೀಟರ್ 60 ತೋರಿಸುವಾಗ ಗಾಡಿ 62ರ ಮೇಲೆ ಓಡುತ್ತಿರುತ್ತದೆ, ಏರಿನಲ್ಲಿ ಎಳೆಯುವ ಶಕ್ತಿಯೂ ಅಷ್ಟು ಕಮ್ಮಿ. ಅದೇ ಅಳತೆಯಲ್ಲೇ ಕಲ್ಲು ಮಣ್ಣಿಗೆ ಆಗುವ ಆಲ್ ಟೆರೇನ್ ಟೈರ್ ತಗೊಂಡೆ. ಟೈರ್ ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2323 ಅಂದರೆ 2023ರ 23ನೇ ವಾರದ್ದು.

ಅಡಿಯ ಕೆಲಸ ಮುಗಿದ ಮೇಲೇ ಒಳಗಿನದಕ್ಕೆ ಕೈ ಹಾಕಿದೆ. ಹಿಂದಿನ ಅಡ್ಡ ಸೀಟುಗಳನ್ನು ಬಿಚ್ಚಿ, ಬಂಬೂ ಬಜಾರ್ ಕಡೆಯ ಬಡಗಿಯೊಬ್ಬರಿಂದ ಎಳೆಯುವ ಡ್ರಾಯರ್ ಇರುವ ಪೆಟ್ಟಿಗೆ ಮಾಡಿಸಿದೆ. ಅವರು 18 ಮಿ.ಮೀ. ಪ್ಲೈವುಡ್ ಅಂದರು, ನಾನು 12 ಸಾಕು ಅಂದೆ. 8 ಅಡಿ ಉದ್ದ 4 ಅಡಿ ಅಗಲದ 18 ಮಿ.ಮೀ. ಹಲಗೆ ಸುಮಾರು 30 ಕೆ.ಜಿ. ತೂಗುತ್ತದೆ, 12ರದ್ದು ಸುಮಾರು 20. ಎರಡು ಹಲಗೆಗೇ 20 ಕೆ.ಜಿ. ಉಳಿಯಿತು, ಅಂದರೆ ಒಂದು ಕ್ಯಾನ್ ನೀರು. ಡ್ರಾಯರ್‌ನಲ್ಲಿ ಒಲೆ, ಪಾತ್ರೆ, ಟೂಲ್ಸ್. ಮೇಲೆ ಹಾಸಿಗೆ ಹಾಸಿದರೆ ಮಕ್ಕಳು ಮಲಗುತ್ತಾರೆ. ನಾಲ್ಕೇ ಬೋಲ್ಟ್, ಬೇಕೆಂದಾಗ ಬಿಚ್ಚಿ ಸೀಟು ಹಾಕಬಹುದು. 2024ರಲ್ಲಿ ಗಾಡಿಗೆ 15 ವರ್ಷ ತುಂಬಿ ರಿಜಿಸ್ಟ್ರೇಷನ್ ನವೀಕರಿಸಲು ಆರ್‌ಟಿಒಗೆ ಹೋದಾಗ ಹಾಗೇ ಮಾಡಿದೆ. ಅದರ ಶುಲ್ಕ ಆಗ 5,000 ರೂಪಾಯಿ. ಮುಂದಿನ 5 ವರ್ಷಕ್ಕೆ ಸಿಕ್ಕಿದೆ. ಗಾಡಿಯ ಮೂತಿಗೆ ಅಡ್ಡ ಕಟ್ಟುವ ದೊಡ್ಡ ಕಬ್ಬಿಣದ ಬುಲ್ ಬಾರ್ ಹಾಕಿಸಲೇ ಇಲ್ಲ. ಅದಕ್ಕೆ 2017ರಿಂದ ನಿಷೇಧ ಇದೆ. ನಡೆದು ಹೋಗುವವರಿಗೆ ತಗುಲಿದರೆ ಉಳಿಯುವುದು ಕಷ್ಟ.

ಕ್ಯಾರಿಯರ್ ಇನ್ನೂ ಇದೆ, ಆದರೆ ಅದರ ಮೇಲೆ ಚಾಪೆ, ಟಾರ್ಪಾಲು ಮಾತ್ರ. ಭಾರದ್ದೆಲ್ಲ ಕೆಳಗೆ. ಮೇಲೆ ಭಾರ ಹೇರಿದರೆ ತಿರುವಿನಲ್ಲಿ ಗಾಡಿ ವಾಲುವುದು ಸ್ಟೀರಿಂಗಿನಲ್ಲೇ ತಿಳಿಯುತ್ತದೆ. ಜಾಕ್ ಜೊತೆ ಒಂದಡಿ ಚೌಕದ ಹಲಸಿನ ಹಲಗೆ ಇಟ್ಟಿದ್ದೇನೆ. ಹೊಳೆ ದಂಡೆಯ ಮರಳಿನಲ್ಲಿ ಅದಿಲ್ಲದಿದ್ದರೆ ಗಾಡಿ ಮೇಲೇಳುವ ಬದಲು ಜಾಕೇ ಕೆಳಗಿಳಿಯುತ್ತದೆ.

ಕಾಡಿನೊಳಗೆ ಗಾಡಿ ನಿಲ್ಲಿಸಿ ರಾತ್ರಿ ಕಳೆಯುವುದಿಲ್ಲ, ಅದು ತಪ್ಪು. ನಾವು ಉಳಿಯುವುದು ನೆಂಟರ ತೋಟದಲ್ಲಿ, ಕೇಳಿಕೊಂಡು. ಬಂಡೀಪುರದ ಕಡೆ ಹೋದರೆ ರಾತ್ರಿ 9ಕ್ಕೆ ರಸ್ತೆ ಮುಚ್ಚುವುದನ್ನು ನೆನಪಿಟ್ಟುಕೊಂಡು, ಎರಡು ಗಂಟೆ ಕೈಯಲ್ಲಿ ಇಟ್ಟುಕೊಂಡೇ ಹೊರಡುತ್ತೇನೆ.

ಹೋದ ತಿಂಗಳು ಮತ್ತೆ ಮುತ್ತತ್ತಿಗೆ ಹೋಗಿದ್ದೆವು. ಈ ಸಲ ಅಪ್ಪನೂ ಬಂದಿದ್ದರು. ಅದೇ ಏರಿನಲ್ಲಿ ಮುಳ್ಳು ಮಧ್ಯದಿಂದ ಅಲ್ಲಾಡಲಿಲ್ಲ. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಇಂಜಿನ್ ಸದ್ದನ್ನೇ ಕೇಳುತ್ತಿದ್ದರು. ಹಲಗೂರಿನಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ, "ಹಿಂದ್ಗಡೆ ಬಾಗ್ಲು ರಬ್ರು ಹೋಗೈತೆ, ಧೂಳ್ ಬತ್ತಾ ಅದೆ" ಅಂದರು. ಮುಂದಿನ ವಾರ ಅದನ್ನು ಹಾಕಿಸಬೇಕು.