249 ರೂಪಾಯಿಗೆ ಒಂದೇ ಊಟ: ಪಾರ್ಕಿನೊಳಗಿನ ನಮ್ಮ ಹೋಟೆಲಿನ ರಾತ್ರಿ ಲೆಕ್ಕ

ಆಟ, ನೀರಾಟದ ಪಾರ್ಕಿನೊಳಗೆ ಹೋಟೆಲ್ ಹಿಡಿದವರಿಗೆ ಹಗಲು ಮಾತ್ರ ವ್ಯಾಪಾರ, ರಾತ್ರಿ ಊಟದಲ್ಲಿ ದುಡ್ಡಿಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನಗೂ ಅದನ್ನೇ ಹೇಳಿದ್ದರು. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೋಗುವ ಹೆದ್ದಾರಿ ಪಕ್ಕದ ಪಾರ್ಕಿನಲ್ಲಿ ನಮ್ಮ ಹೋಟೆಲ್. ರಾತ್ರಿ ಮೆನು ಕಾರ್ಡ್ ತೆಗೆದುಹಾಕಿ ಒಂದೇ ರೇಟಿನ ಊಟ ಮಾಡ್ತೀನಿ ಅಂದಾಗ ಪಾರ್ಕಿನ ಮ್ಯಾನೇಜರ್ ಒಪ್ಪಲಿಲ್ಲ, ನಮ್ಮ ಅಡುಗೆ ಮಾಸ್ಟರ್ ಒಪ್ಪಲಿಲ್ಲ, ಊರಿನ ಹೋಟೆಲ್ ಗೆಳೆಯರಂತೂ ಒಪ್ಪಲೇ ಇಲ್ಲ. "ಜನಕ್ಕೆ ಆಯ್ಕೆ ಬೇಕ್ರೀ. ಗೋಬಿ ಕೇಳಿದವನ ಮುಂದೆ ರೊಟ್ಟಿ ಇಟ್ರೆ ಎದ್ದು ಹೋಗ್ತಾನೆ" ಅಂದರು. ಈಗ ಭಾನುವಾರ ರಾತ್ರಿ 300 ಊಟದ ಹತ್ತಿರ ಹೋಗುತ್ತದೆ. ಅದೇ ಗೆಳೆಯರು ಬಂದು ಅಡುಗೆಮನೆ ನೋಡಿಕೊಂಡು ಹೋಗಿದ್ದಾರೆ. ಅವರು ಕೇಳಿದ್ದಕ್ಕೆಲ್ಲ ಒಂದೇ ಸಲ ಉತ್ತರ ಬರೆದಿಡೋಣ ಅನಿಸಿತು.

ಪಾರ್ಕಿನ ರಾತ್ರಿಯ ಕಷ್ಟ ಅಡುಗೆಯದ್ದಲ್ಲ, ಹೊತ್ತಿನದ್ದು. ಊರೊಳಗಿನ ಹೋಟೆಲಿಗೆ ಜನ ಏಳರಿಂದ ಹತ್ತೂವರೆವರೆಗೆ ಒಬ್ಬೊಬ್ಬರಾಗಿ ಬರುತ್ತಾರೆ. ನಮ್ಮಲ್ಲಿ ಆಟಗಳು ನಿಂತ ಕೂಡಲೇ, ನೀರಾಟ ಮುಗಿಸಿ ಬಟ್ಟೆ ಬದಲಿಸಿದವರೆಲ್ಲ ಅರ್ಧ ಗಂಟೆಯೊಳಗೆ ಒಟ್ಟಿಗೇ ನುಗ್ಗುತ್ತಾರೆ. ಮಕ್ಕಳಿಗೆ ಹಸಿವು, ನಿದ್ದೆ ಎರಡೂ. ಬೆಂಗಳೂರಿಗೆ ವಾಪಸ್ ಹೋಗುವವರಿಗೆ ಮುಂದೆ 250 ಕಿಲೋಮೀಟರ್ ದಾರಿ ಇರುತ್ತದೆ. ಅವರು ಕಾಯುವುದಿಲ್ಲ. ನಮ್ಮ ಕಾರ್ಡಿನಲ್ಲಿ ಸುಮಾರು 140 ಐಟಂ ಇತ್ತು. ಒಂದು ಟೇಬಲಿಗೆ ಆರು ಜನ ಕೂತರೆ ಆರು ಥರ ಆರ್ಡರ್. ಒಂದು ಮಸಾಲೆ ದೋಸೆ, ಒಂದು ಗೋಬಿ, ಎರಡು ಬಟರ್ ನಾನ್, ಮಗುವಿಗೆ ಮೊಸರನ್ನ, ಅಜ್ಜನಿಗೆ ಎಣ್ಣೆ ಹಾಕದ ಚಪಾತಿ. ಅಡುಗೆಮನೆಗೆ ಆರ್ಡರ್ ಬರೆದು ಕೊಡುವ ಕೆಓಟಿ ಚೀಟಿ ಕಿಟಕಿ ಹತ್ತಿರ ರಾಶಿ ಬೀಳುತ್ತಿತ್ತು. ಕೂತವರು ಏಳೋಕೆ ಒಂದು ಗಂಟೆ ಮೇಲಾಗುತ್ತಿತ್ತು. ಬಾಗಿಲಲ್ಲಿ ನಿಂತವರು ನೋಡಿ ನೋಡಿ ಹೆದ್ದಾರಿ ಡಾಬಾ ಕಡೆ ಹೋಗುತ್ತಿದ್ದರು. 120 ಸೀಟು ಇಟ್ಟುಕೊಂಡು ರಾತ್ರಿ 150 ಜನಕ್ಕಿಂತ ಜಾಸ್ತಿ ಉಣಿಸಲು ಆಗುತ್ತಿರಲಿಲ್ಲ. ತಲೆಗೆ ಬಿಲ್ಲು 170 ಅಂದರೂ ಭಾನುವಾರದ ರಾತ್ರಿ ವ್ಯಾಪಾರ 25 ಸಾವಿರದ ಆಸುಪಾಸು. ಪಾರ್ಕಿನವರ ಬಾಡಿಗೆ ಬೇರೆ, ವ್ಯಾಪಾರದ ಮೇಲಿನ ಪರ್ಸೆಂಟೇಜ್ ಬೇರೆ. ಉಳಿಯುವುದೇನು?

ಮೊದಲು ಬಫೆ ಮಾಡಿದೆವು. ಎಲ್ಲರೂ ಬಫೆ ಮಾಡು ಅಂತಲೇ ಹೇಳೋದು. 299 ಇಟ್ಟೆವು. ನೀರಲ್ಲಿ ಆಡಿ ಬಂದವರ ಹಸಿವು ನಿಮಗೆ ಗೊತ್ತು, ಕಣ್ಣಿಗೆ ಕಂಡಿದ್ದೆಲ್ಲ ತಟ್ಟೆಗೆ ಬೀಳುತ್ತದೆ. ಅರ್ಧ ಪನೀರ್, ಅರ್ಧ ಗುಲಾಬ್ ಜಾಮೂನ್ ಡ್ರಮ್ಮಿಗೆ ಹೋಯಿತು. ಇನ್ನೊಂದು ನಷ್ಟ ಹೊರಗಿನವರಿಗೆ ಕಾಣಲ್ಲ. ಒಂಬತ್ತು ಗಂಟೆಗೆ ಬರುವ ಕೊನೆಯ ಮನುಷ್ಯನಿಗೂ ಪಾತ್ರೆ ತುಂಬಿರಬೇಕು. ಅವನು ಹೋದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಪೂರ್ತಿ ನಮ್ಮ ತಲೆ ಮೇಲೆ. ಆ ಬೇಸಿಗೆಯಲ್ಲಿ ಬಫೆಗೇ ಒಂದು ಒಂದೂವರೆ ಲಕ್ಷ ಹೋಗಿರಬಹುದು. ಆಮೇಲೆ ಕಾರ್ಡ್ ಹಾಗೇ ಇಟ್ಟು, ಪಕ್ಕದಲ್ಲಿ ಕಾಂಬೊ ಊಟ ಕೊಟ್ಟೆವು. ಅದು ಇನ್ನೂ ಕಷ್ಟ. ಕಾಂಬೊಗೂ ತಯಾರಿ ಬೇಕು, 140 ಐಟಂಗೂ ತಯಾರಿ ಬೇಕು. ಎರಡು ಅಡುಗೆಮನೆಯ ಖರ್ಚು, ಒಂದು ಹೋಟೆಲಿನ ವ್ಯಾಪಾರ.

ನನಗೆ ಧೈರ್ಯ ಬಂದಿದ್ದು ಖಾನಾವಳಿಯಿಂದ. ನಮ್ಮ ಕಡೆ ಲಿಂಗಾಯತ ಖಾನಾವಳಿಯಲ್ಲಿ ಯಾರಾದರೂ ಮೆನು ಕಾರ್ಡ್ ಕೇಳ್ತಾರಾ? ಕೂತರೆ ರೊಟ್ಟಿ ಬರುತ್ತದೆ, ಪಲ್ಯ ಬರುತ್ತದೆ, ಅನ್ನ ಸಾರು ಬರುತ್ತದೆ. ಮದುವೆ ಮನೆಯಲ್ಲಿ ನಲವತ್ತು ನಿಮಿಷಕ್ಕೆ ಒಂದು ಪಂಕ್ತಿ ಎದ್ದು ಇನ್ನೊಂದು ಕೂರುತ್ತದೆ. ಒಂದೇ ರೇಟು, ಕೂತಲ್ಲೇ ಬಡಿಸುವುದು ಅನ್ನುವುದು ನಮ್ಮ ಜನಕ್ಕೆ ಅಜ್ಜನ ಕಾಲದಿಂದ ಅಭ್ಯಾಸ. ಪಾರ್ಕಿಗೆ ಬಂದ ಕೂಡಲೇ ಅದನ್ನು ಮರೆತುಬಿಡುತ್ತಾರೆ ಅಂತ ಯಾಕೆ ಅಂದುಕೊಳ್ಳಬೇಕು?

ಮೊದಲು 199ಕ್ಕೆ ಶುರು ಮಾಡಿದೆವು, ರೊಟ್ಟಿ ಊಟ ಮಾತ್ರ. ರೇಟು ಸಾಲಲಿಲ್ಲ. ದಕ್ಷಿಣದ ಕಡೆಯಿಂದ ಬಂದವರು, ಮಕ್ಕಳು, ಹಲ್ಲಿಲ್ಲದ ಹಿರಿಯರು ರೊಟ್ಟಿ ಬೇಡ ಅಂದರು. ಎರಡು ಊಟ ಮಾಡಿದ ಮೇಲೆ ಸರಿಹೋಯಿತು. ಒಂದು ರೊಟ್ಟಿ ಊಟ, ಇನ್ನೊಂದು ಚಪಾತಿ-ಪಲಾವ್ ಊಟ. ರೇಟು ದೊಡ್ಡವರಿಗೆ 249, ಮಕ್ಕಳಿಗೆ 149. ಆಯ್ಕೆ ಎರಡೇ, ಮೂರನೆಯದು ಯಾರು ಕೇಳಿದರೂ ಇಲ್ಲ. ಹತ್ತರಲ್ಲಿ ಆರು ಜನ ರೊಟ್ಟಿ ಕಡೆಯೇ ಬರುತ್ತಾರೆ. ಮಕ್ಕಳ ವಯಸ್ಸಿನ ಜಗಳ ಬರದ ಹಾಗೆ ಒಂದು ಕೆಲಸ ಮಾಡಿದೆವು. ಪಾರ್ಕಿನವರು ಹೇಗೂ ಗೇಟಲ್ಲಿ ಎತ್ತರ ಅಳೆದು ಮಕ್ಕಳ ಟಿಕೆಟ್ ಕೊಡುತ್ತಾರೆ. ಕೈಗೆ ಕಟ್ಟಿದ ಪಟ್ಟಿಯ ಬಣ್ಣ ನೋಡಿ ನಾವೂ ಅದೇ ಲೆಕ್ಕ ಹಿಡಿದೆವು. ಕ್ಯಾಷಿಯರ್ ಬಾಯಿ ತೆರೆಯುವ ಕೆಲಸವೇ ಇಲ್ಲ.

ಊಟದ ಕ್ರಮ ಹೇಳುತ್ತೇನೆ. ಕೂತ ಎರಡು ನಿಮಿಷದಲ್ಲಿ ಒಂದು ಬಟ್ಟಲು ನರ್ಗಿಸ್ ಮಂಡಕ್ಕಿ, ಒಂದು ಬಿಸಿ ಮಿರ್ಚಿ, ಲೋಟ ಮಜ್ಜಿಗೆ. ಇದು ನನ್ನ ಸ್ವಂತ ತಲೆಯದ್ದು, ಇದರ ಬಗ್ಗೆ ನನಗೆ ಹೆಮ್ಮೆ ಇದೆ. ದೊಡ್ಡ ಹೋಟೆಲಿನವರು ಸೂಪ್ ಕೊಡುತ್ತಾರೆ. ದಾವಣಗೆರೆಯವನಿಗೆ ಸೂಪ್ ಯಾಕೆ? ಮೊದಲು ಒಗ್ಗರಣೆ ಮಂಡಕ್ಕಿ ಕೊಟ್ಟು ನೋಡಿದೆವು. ಅದು ಹತ್ತು ನಿಮಿಷ ಆರಿದರೆ ಯಾರೂ ಮುಟ್ಟುವುದಿಲ್ಲ. ನರ್ಗಿಸ್ ಆದರೆ ಒಣದು, ಹುರಿಗಡಲೆ ಪುಡಿ ಖಾರ ಸೇರಿಸಿ ಸಂಜೆಯೇ ಡಬ್ಬಿಗೆ ತುಂಬಿಟ್ಟುಕೊಳ್ಳಬಹುದು. ಮಂಡಕ್ಕಿ ಭಟ್ಟಿ ಕಡೆಯಿಂದಲೇ ಚೀಲಗಟ್ಟಲೆ ತರುತ್ತೇವೆ. ಬಟ್ಟಲಿಗೆ ಮಿರ್ಚಿ ಸೇರಿ ಹತ್ತು ಹನ್ನೆರಡು ರೂಪಾಯಿ ಬೀಳುತ್ತದೆ. ಮಗು ಅಳುವುದು ನಿಲ್ಲುತ್ತದೆ, ದೊಡ್ಡವರು ಮಾತಿಗೆ ಕೂರುತ್ತಾರೆ, ಒಳಗೆ ರೊಟ್ಟಿಗೆ ಹತ್ತು ನಿಮಿಷ ಸಿಗುತ್ತದೆ. ಮಂಡಕ್ಕಿ ಕೊಟ್ಟು ಹೊಟ್ಟೆ ತುಂಬಿಸ್ತಾನೆ ಅಂತ ಯಾರೋ ಆಡಿಕೊಂಡರು. ಬಟ್ಟಲಲ್ಲಿ ಇರೋದು ಎರಡು ಹಿಡಿ, ಅದರಿಂದ ಯಾರ ಹೊಟ್ಟೆಯೂ ತುಂಬಲ್ಲ.

ಆಮೇಲೆ ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಸೌತೆಕಾಯಿ, ಈರುಳ್ಳಿ. ನಂತರ ಅನ್ನ, ಕಟ್ಟಿನ ಸಾರು, ಮಜ್ಜಿಗೆ. ರೊಟ್ಟಿ ಎರಡಾದ ಮೇಲೆ ಕೇಳಿದಷ್ಟು ಕೊಡುತ್ತೇವೆ, ಆದರೆ ಒಂದೊಂದಾಗಿ. "ಒಬ್ಬೊಬ್ಬ ಎಂಟು ತಿಂತಾನೆ, ಮುಳುಗಿ ಹೋಗ್ತೀರಿ ಅಣ್ಣಾ" ಅಂತ ಹಳೇ ಸಪ್ಲೈಯರ್ ಎಚ್ಚರಿಸಿದ್ದ. ಒಂದು ತಿಂಗಳು ಬುಟ್ಟಿ ಎಣಿಸಿದೆವು. ತಲೆಗೆ ಎರಡೂವರೆ ದಾಟಲಿಲ್ಲ. ಎಂಟು ತಿನ್ನುವವನು ಇದ್ದೇ ಇರುತ್ತಾನೆ, ಆದರೆ ಅವನ ಸುತ್ತ ಒಂದೂವರೆ ತಿನ್ನುವ ಹಲವರು ಕೂತಿರುತ್ತಾರೆ. ರೊಟ್ಟಿ ತಟ್ಟೋಕೆ ಪಕ್ಕದ ಹಳ್ಳಿಯ ನಾಲ್ವರು ಅಕ್ಕಂದಿರು ಸಂಜೆ ನಾಲ್ಕರ ಮೇಲೆ ಬರುತ್ತಾರೆ. ಗಂಟೆಗೆ ಒಬ್ಬೊಬ್ಬರು ನಲವತ್ತು ತಟ್ಟುತ್ತಾರೆ. ದಿನಗೂಲಿ ಬಿಟ್ಟು ರೊಟ್ಟಿಗೆ ಇಷ್ಟು ಅಂತ ಮಾಡಿದ ಮೇಲೆ ಅವರಿಗೂ ಖುಷಿ, ನನಗೂ ಲೆಕ್ಕ ಸಿಕ್ಕಿತು. ಎಣ್ಣೆಗಾಯಿಯ ಮಸಾಲೆ ಮಾತ್ರ ನನ್ನ ಹೆಂಡತಿ ಮನೆಯಲ್ಲೇ ಮಾಡಿ ಕಳಿಸುತ್ತಾಳೆ. ಅದರ ಅಳತೆ ನಮ್ಮ ಮಾಸ್ಟರಿಗೂ ಗೊತ್ತಿಲ್ಲ, ಇಲ್ಲೂ ಬರೆಯಲ್ಲ.

ಸಿಹಿಯನ್ನು ಟೇಬಲಿಗೆ ಕೊಡುವುದಿಲ್ಲ. ಶೇಂಗಾ ಹೋಳಿಗೆ ಅಥವಾ ಬಟ್ಟಲು ಗೋಧಿ ಹುಗ್ಗಿ, ಜೊತೆಗೆ ಬಾಳೆಹಣ್ಣು, ಎಲ್ಲ ಬಾಗಿಲ ಹತ್ತಿರದ ಕೌಂಟರಿನಲ್ಲಿ. ಸಾರು ಅನ್ನ ಮುಗಿದ ಕೂಡಲೇ "ಸಿಹಿ ಅಲ್ಲಿ ತಗೊಳ್ಳಿ ಸರ" ಅಂತ ಸಪ್ಲೈಯರ್ ಹೇಳುತ್ತಾನೆ. ಜನ ತಾವಾಗಿಯೇ ಏಳುತ್ತಾರೆ. ಊಟ ಮುಗಿದ ಮೇಲೆ ಟೇಬಲಲ್ಲಿ ಕೂತು ಫೋಟೋ ನೋಡುವ ಹದಿನೈದು ನಿಮಿಷ ಉಳಿಯಿತು. ಯಾರನ್ನೂ ಎಬ್ಬಿಸುವ ಹಾಗಿಲ್ಲ, ಯಾರಿಗೂ ಬೇಜಾರಿಲ್ಲ. ಇಡೀ ಪದ್ಧತಿಯಲ್ಲಿ ನನಗೆ ಅತಿ ಹೆಚ್ಚು ದುಡ್ಡು ಉಳಿಸಿದ್ದು ಇದೇ.

ಟೋಕನ್ ಮಧ್ಯಾಹ್ನವೇ ಮಾರುತ್ತೇವೆ. ಲಾಕರ್ ಕೌಂಟರ್ ಪಕ್ಕ ಒಬ್ಬ ಹುಡುಗ ಕೂರುತ್ತಾನೆ. ಪಂಕ್ತಿ ಮೂರು: ಆರು ಮುಕ್ಕಾಲು, ಏಳೂವರೆ, ಎಂಟೂಕಾಲು. ತಲೆಗೆ 50 ರೂಪಾಯಿ ಮುಂಗಡ, ರೊಟ್ಟಿಯೋ ಚಪಾತಿಯೋ ಅಂತ ಟಿಕ್ ಮಾಡುವುದು. ನಾಲ್ಕು ಗಂಟೆಗೆ ಅಡುಗೆಮನೆಗೆ ಅಂಕಿ ಸಿಗುತ್ತದೆ. ಟೋಕನ್ ಇಲ್ಲದೆ ಬರುವವರೂ ಇರುತ್ತಾರೆ. ಆ ದಿನದ ಗೇಟ್ ಟಿಕೆಟ್, ವಾರ, ಮೋಡ ನೋಡಿ ಅವರ ಸಂಖ್ಯೆ ಹೇಳುವ ಒಂದು ಗುಣಾಕಾರ ನನ್ನ ಹತ್ತಿರ ಇದೆ. ಅದು ನಮ್ಮ ಪಾರ್ಕಿನದ್ದು, ಅದನ್ನು ಇಟ್ಟುಕೊಳ್ಳುತ್ತೇನೆ. ಹೆಚ್ಚುಕಡಿಮೆ ಹದಿನೈದು ಊಟದ ಒಳಗೆ ಸರಿ ಬರುತ್ತದೆ.

ಒಂದು ವಿಷಯದಲ್ಲಿ ಆಡಿಟರ್ ಕೈ ಹಿಡಿದು ನಿಲ್ಲಿಸಿದರು. ಊಟವನ್ನು ಪ್ರವೇಶ ಟಿಕೆಟ್ಟಿನಲ್ಲೇ ಸೇರಿಸಿ ಒಂದೇ ರೇಟು ಮಾಡೋಣ ಅಂತ ಪಾರ್ಕಿನವರಿಗೆ ಆಸೆ ಬಂತು. ನಮ್ಮಂಥ ಹೋಟೆಲಿಗೆ 2017ರ ನವೆಂಬರಿನಿಂದ ಜಿಎಸ್‌ಟಿ 5 ಪರ್ಸೆಂಟ್, ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಸಾಮಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಇದರಲ್ಲಿ ಕಳೆಯುವ ಹಾಗಿಲ್ಲ. ಪಾರ್ಕಿನ ಟಿಕೆಟ್ಟಿಗೆ 18. ಬೇರೆ ಬೇರೆ ಮಾರಬಹುದಾದ ಎರಡನ್ನು ಒಂದೇ ಬೆಲೆಗೆ ಕಟ್ಟಿ ಮಾರಿದರೆ ಮಿಕ್ಸೆಡ್ ಸಪ್ಲೈ ಆಗುತ್ತದೆ, ಪೂರ್ತಿ ಮೊತ್ತಕ್ಕೆ ಜಾಸ್ತಿ ಇರುವ ತೆರಿಗೆಯೇ ಬೀಳುತ್ತದೆ. ನಮ್ಮ ರೊಟ್ಟಿಗೂ 18. ಅದಕ್ಕೇ ಟೋಕನ್ ಬೇರೆ, ಬಿಲ್ಲು ಬೇರೆ. ಈ ದಾರಿಗೆ ಬರುವವರು ನಿಮ್ಮ ಆಡಿಟರನ್ನು ಕೇಳದೆ ಪಾರ್ಕಿನ ಜೊತೆ ಪ್ಯಾಕೇಜ್ ಮಾಡಿಕೊಳ್ಳಬೇಡಿ. 249 ಅಂದರೆ ತೆರಿಗೆ ಸೇರಿ 249. ಸರ್ವಿಸ್ ಚಾರ್ಜ್ ಮೊದಲೂ ಹಾಕುತ್ತಿರಲಿಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂತ ಹೇಳಿದ ಮೇಲೆ ಬೋರ್ಡಿನಲ್ಲೇ ಬರೆಸಿದೆ. ಬಾಗಿಲಲ್ಲಿ ನಿಂತವನು ನಾಲ್ಕು ತಲೆಗೆ ಎಷ್ಟು ಅಂತ ಮನಸ್ಸಲ್ಲೇ ಕೂಡಿಸಿಕೊಂಡು ಒಳಗೆ ಬರುತ್ತಾನೆ.

ಲೆಕ್ಕಕ್ಕೆ ಬರೋಣ. ಮಕ್ಕಳು ದೊಡ್ಡವರು ಸೇರಿ ತಲೆಗೆ 220 ಬೀಳುತ್ತದೆ. ಭಾನುವಾರದ 25 ಸಾವಿರ ಈಗ 60 ದಾಟಿ 65ರ ಹತ್ತಿರ ಇದೆ. ಸಾಮಗ್ರಿ ಖರ್ಚು ಮೊದಲು ನೂರಕ್ಕೆ 45 ಹೋಗುತ್ತಿತ್ತು, ಈಗ 35ರಲ್ಲಿ ಇದೆ. ಪನೀರ್, ಕ್ರೀಮ್, ಗೋಡಂಬಿ ಪೇಸ್ಟ್ ರಾತ್ರಿಗೆ ಬೇಡವೇ ಬೇಡ. ಗ್ಯಾಸ್ 19 ಕೆಜಿ ಸಿಲಿಂಡರ್ ಭಾನುವಾರಕ್ಕೆ ಮೂರು ಬೇಕಿತ್ತು, ಈಗ ಎರಡರ ಒಳಗೆ. ಕಮರ್ಷಿಯಲ್ ಗ್ಯಾಸಿನ ರೇಟು ಪ್ರತಿ ತಿಂಗಳು ಒಂದನೇ ತಾರೀಖು ಏನಾಗುತ್ತೋ ಅಂತ ಕಾಯುವವರಿಗೆ ಇದರ ಬೆಲೆ ಗೊತ್ತು. ತಂದೂರ್ ಮಾಸ್ಟರನ್ನು ಕೆಲಸದಿಂದ ತೆಗೆಯಲಿಲ್ಲ, ಹಗಲಿನ ಪಾಳಿಗೆ ಹಾಕಿಕೊಂಡೆ. ಮಂಗಳವಾರ, ಬುಧವಾರ 60 ಊಟ ಆದರೆ ಹೆಚ್ಚು. ಆ ದಿನ ಪಂಕ್ತಿ ಇಲ್ಲ, ಊಟ ಮಾತ್ರ ಅದೇ.

ಬೆಣ್ಣೆ ದೋಸೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಂಗಳೂರಿನವರಂತೂ "ದಾವಣಗೆರೆಗೆ ಬಂದು ಬೆಣ್ಣೆ ದೋಸೆ ಇಲ್ವಾ?" ಅಂತ ಮುಖ ಸಪ್ಪಗೆ ಮಾಡುತ್ತಾರೆ. ಊಟದ ಮೊದಲಿಗೆ ಅರ್ಧ ಸೈಜಿನ ದೋಸೆ ಕೊಟ್ಟು ನೋಡಿದೆವು. ಕಾವಲಿ ಮೇಲೆ ಒಂದು ಸಲಕ್ಕೆ ಹತ್ತು ಹನ್ನೆರಡು. 100 ಜನ ಒಟ್ಟಿಗೆ ಕೂತಾಗ ಮೊದಲನೆಯವನು ತಿಂದು ಮುಗಿಸಿದರೂ ಕೊನೆಯವನಿಗೆ ಬಂದಿರುವುದಿಲ್ಲ. ಮೊದಲೇ ಹಾಕಿಟ್ಟರೆ ಬೆಣ್ಣೆ ಗಟ್ಟಿಯಾಗಿ ದೋಸೆ ಮೆತ್ತಗಾಗುತ್ತದೆ, ಅಂಥದ್ದನ್ನು ದಾವಣಗೆರೆ ಹೆಸರಲ್ಲಿ ಕೊಡಲು ನನಗೆ ಮನಸ್ಸಿಲ್ಲ. ಈಗ ಸಂಜೆ ನಾಲ್ಕರಿಂದ ಆರು ಹೊರಗಿನ ಕೌಂಟರಿನಲ್ಲಿ ಮಾತ್ರ ದೋಸೆ. ಅದೇ ಒಂದು ವ್ಯಾಪಾರ ಆಗಿದೆ. ತಟ್ಟೆಯದ್ದೂ ಒಂದು ಪ್ರಯೋಗ ನಡೆಯಿತು. ಬಾಳೆ ಎಲೆ ಗಾಳಿಗೆ ಹಾರುತ್ತದೆ, ಮಕ್ಕಳ ಕೈಯಲ್ಲಿ ಹರಿಯುತ್ತದೆ. ಚನ್ನಗಿರಿ ಕಡೆಯಿಂದ ಅಡಿಕೆ ಹಾಳೆ ತಟ್ಟೆ ತರಿಸಿದೆವು. ಚೆನ್ನಾಗಿತ್ತು, ಆದರೆ ಸಾರು ಹೀರಿಕೊಂಡು ಅಂಚು ಬಾಗುತ್ತಿತ್ತು. ಈಗ ಊಟಕ್ಕೆ ಸ್ಟೀಲ್ ತಟ್ಟೆ, ಸಿಹಿಗೆ ಮಾತ್ರ ಹಾಳೆ ಬಟ್ಟಲು.

ಮಳೆ ಬಂದರೆ ಜನ ಐದಕ್ಕೇ ಹೊರಡುತ್ತಾರೆ, ಟೋಕನ್ ಕೈಯಲ್ಲೇ ಉಳಿಯುತ್ತದೆ. ದುಡ್ಡು ವಾಪಸ್ ಕೇಳಿದರೆ ಕೊಟ್ಟುಬಿಡುತ್ತೇವೆ. ಜೊತೆಗೆ ಕಡಕ್ ರೊಟ್ಟಿ, ಚಟ್ನಿಪುಡಿಯ ಪೊಟ್ಟಣ ಮುಂದಿಟ್ಟೆವು, ಅದೇ 50 ರೂಪಾಯಿಗೆ. ಹೆಚ್ಚಿನವರು ಪೊಟ್ಟಣವನ್ನೇ ತೆಗೆದುಕೊಂಡರು. ಈಗ ಮಳೆ ಇಲ್ಲದ ದಿನವೂ ಗೇಟಲ್ಲಿ ಅದು ಮಾರಾಟ ಆಗುತ್ತದೆ.

ಚಿತ್ರದುರ್ಗದ ಕೋಟೆ ನೋಡಿ ಸಂಜೆ ನಮ್ಮ ಕಡೆ ಬರುವವರಿದ್ದಾರೆ, ಆ ಕಡೆಯ ಊರಿನವರೂ ಜಾಸ್ತಿ. ಅವರು ಮುದ್ದೆ ಕೇಳುತ್ತಿದ್ದಾರೆ. ಬುಧವಾರ ಮಾತ್ರ ಮುದ್ದೆ, ಕಾಳು ಸಾರು ಮಾಡಿ ನೋಡುತ್ತಿದ್ದೇವೆ, ಅದೇ 249ಕ್ಕೆ. ರುಚಿಯ ಬಗ್ಗೆ ತಕರಾರಿಲ್ಲ. ಕಟ್ಟಿದ ಮುದ್ದೆ ಇಪ್ಪತ್ತು ನಿಮಿಷ ದಾಟಿದರೆ ಮೇಲೆ ಗಟ್ಟಿಯಾಗುತ್ತದೆ, ಪಂಕ್ತಿಗೆ ಸರಿಯಾಗಿ ತಿರುವಿ ಕಟ್ಟುವ ಕೈ ಇನ್ನೊಂದು ಬೇಕು. ಆ ಕೈ ಸಿಕ್ಕರೆ ಬೇಸಿಗೆ ರಜೆಯೊಳಗೆ ಚಪಾತಿ ಊಟದ ಜಾಗದಲ್ಲಿ ವಾರಕ್ಕೆ ಎರಡು ದಿನ ಮುದ್ದೆ ಇಡುತ್ತೇನೆ. ರೇಟು 269 ಮಾಡಬೇಕಾ ಅನ್ನೋದು ಶೇಂಗಾ ಬೆಲೆ ನೋಡಿಕೊಂಡು ತೀರ್ಮಾನ.