ಬಾಟಲಿ ಪಾಸಿಟಿವ್ ಆದ ಮೇಲಿನ ಮೊದಲ ಗಂಟೆ

ರೋಗಿಯ ರಕ್ತ ಹಾಕಿಟ್ಟ ಬ್ಲಡ್ ಕಲ್ಚರ್ ಬಾಟಲಿ ಪಾಸಿಟಿವ್ ಆಗಿ, ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆ ಎಂದು ಗೊತ್ತಾದ ಮೇಲೂ ಅದಕ್ಕೆ ಯಾವ ಆಂಟಿಬಯಾಟಿಕ್ ನಾಟುತ್ತದೆ ಎಂದು ಹೇಳಲು ನಮ್ಮ ಲ್ಯಾಬಿಗೆ ಇನ್ನೆರಡು ದಿನ ಹಿಡಿಯುತ್ತಿತ್ತು. ಪ್ಲೇಟಿನ ಮೇಲೆ ಬೆಳೆಸಬೇಕು, ಗುರುತಿಸಬೇಕು, ಆಮೇಲೆ ಸೆನ್ಸಿಟಿವಿಟಿ, ಅಂದರೆ ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಪರೀಕ್ಷೆ. ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ, ಆದವರಿಗೆ ಅಷ್ಟು ಕಾಯುವ ತ್ರಾಣ ಇರುವುದಿಲ್ಲ.

ಕ್ಷಯ ಪತ್ತೆಗೆಂದು ತಂದ ಜೀನ್‌ಎಕ್ಸ್‌ಪರ್ಟ್ ಯಂತ್ರ ನಮ್ಮಲ್ಲಿತ್ತು. ಅದಕ್ಕೇ ಕಾರ್ಬಾ-ಆರ್ ಎಂಬ ಪರೀಕ್ಷಾ ಕಾರ್ಟ್ರಿಜ್ ಹಾಕಿದರೆ ಕೆಪಿಸಿ, ಎನ್‌ಡಿಎಂ, ವಿಐಎಂ, ಐಎಂಪಿ, ಆಕ್ಸಾ-48 ಎಂಬ ಐದು ಬಗೆಯ ಜೀನ್‌ಗಳನ್ನು ಸುಮಾರು 50 ನಿಮಿಷದಲ್ಲಿ ಹುಡುಕಿಕೊಡುತ್ತದೆ. ಮೆರೊಪೆನೆಮ್‌ನಂಥ ಕಾರ್ಬಪೆನೆಮ್ ಗುಂಪಿನ ಆಂಟಿಬಯಾಟಿಕ್‌ಗಳನ್ನು ಒಡೆದುಹಾಕುವ ಕಿಣ್ವಗಳ ಜೀನ್‌ಗಳಿವು. ಕಾರ್ಟ್ರಿಜ್ ಇರುವುದು ಗುದದ ಸ್ವಾಬ್‌ಗೆ ಮತ್ತು ಬೆಳೆದ ಕಾಲೊನಿಗೆ. ನಮಗೆ ಬೇಕಾಗಿದ್ದದ್ದು ನೇರ ಬ್ಲಡ್ ಕಲ್ಚರ್ ಬಾಟಲಿಯಿಂದ. ರಕ್ತ ಹೆಚ್ಚಾದರೆ ಜೀನ್ ಹುಡುಕುವ ವಿಧಾನವಾದ ಪಿಸಿಆರ್‌ಗೆ ಅಡ್ಡಿ, ಹಾಗಾಗಿ ತೀರಾ ಸ್ವಲ್ಪ ತೆಗೆದು ತೆಳುಮಾಡಿ ಹಾಕಿದೆವು. ಹಳೆಯ ಪದ್ಧತಿಯ ಉತ್ತರದೊಂದಿಗೆ ತಾಳೆಯಾಗುತ್ತದೆ ಎಂದು ನಮಗೇ ಖಾತ್ರಿಯಾಗುವವರೆಗೆ ಆ ಫಲಿತಾಂಶವನ್ನು ವಾರ್ಡಿಗೆ ಕೊಡಲಿಲ್ಲ.

ಎಲ್ಲ ಬಾಟಲಿಗೂ ಹಾಕುವಷ್ಟು ಅಗ್ಗದ ಪರೀಕ್ಷೆ ಇದಲ್ಲ. ಮೊದಲು ಗ್ರಾಮ್ ಸ್ಟೇನ್, ಅಂದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಗ್ರಾಮ್ ನೆಗೆಟಿವ್ ಗುಂಪಿನ ಬ್ಯಾಕ್ಟೀರಿಯಾ ಕಂಡು, ರೋಗಿ ಐಸಿಯುನಲ್ಲಿದ್ದರೆ ಅಥವಾ ಕಿಮೊಥೆರಪಿಯಿಂದ ಬಿಳಿ ರಕ್ತಕಣ ಕುಸಿದಿದ್ದರೆ ಮಾತ್ರ ಕಾರ್ಟ್ರಿಜ್.

ಇಷ್ಟೆಲ್ಲ ಮಾಡುವುದು ಜೀನ್‌ನ ಹೆಸರಿಗಾಗಿ, ಏಕೆಂದರೆ ಔಷಧ ಬದಲಾಗುವುದು ಅಲ್ಲೇ. ಆಕ್ಸಾ-48 ಅಥವಾ ಕೆಪಿಸಿ ಒಂದೇ ಇದ್ದರೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಎಂಬ ಜೋಡಿ ಔಷಧ ಕೆಲಸ ಮಾಡಬಹುದು. ಎನ್‌ಡಿಎಂ ಇದ್ದರೆ ಮಾಡುವುದಿಲ್ಲ, ಆ ಕಿಣ್ವವನ್ನು ಅವಿಬ್ಯಾಕ್ಟಮ್ ತಡೆಯಲಾರದು. ಆದರೆ ಎನ್‌ಡಿಎಂ ಅಜ್ಟ್ರಿಯೊನಾಮ್ ಎಂಬ ಇನ್ನೊಂದು ಆಂಟಿಬಯಾಟಿಕ್ ಅನ್ನು ಒಡೆಯುವುದಿಲ್ಲ. ಅದನ್ನು ಒಡೆಯುವುದು ಜೊತೆಯಲ್ಲಿರುವ ಬೇರೆ ಕಿಣ್ವಗಳು, ಅವುಗಳನ್ನು ಅವಿಬ್ಯಾಕ್ಟಮ್ ತಡೆಯುತ್ತದೆ. ಆದ್ದರಿಂದ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್, ಅಜ್ಟ್ರಿಯೊನಾಮ್ ಎರಡನ್ನೂ ಸೇರಿಸಿ ಕೊಡುತ್ತಾರೆ. ನಮ್ಮ ದೇಶದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದಲ್ಲಿ ಎನ್‌ಡಿಎಂ, ಆಕ್ಸಾ-48 ಎರಡೂ ಒಟ್ಟಿಗೆ ಸಿಗುವುದು ಅಪರೂಪವೇನಲ್ಲ. "ಕಾರ್ಬಪೆನೆಮ್ ನಿರೋಧಕ" ಎಂದಷ್ಟೇ ಬರೆದು ಕಳಿಸಿದರೆ ವೈದ್ಯರು ಏನು ಮಾಡಬೇಕು?

ನನಗೆ ಹೆಚ್ಚು ಭಯವಿದ್ದದ್ದು ನೆಗೆಟಿವ್ ಫಲಿತಾಂಶದ ಬಗ್ಗೆ. ಐದು ಜೀನ್ ಇಲ್ಲ ಎಂದರೆ ಮೆರೊಪೆನೆಮ್ ನಾಟುತ್ತದೆ ಎಂದಲ್ಲ. ಔಷಧ ಒಳಬರುವ ರಂಧ್ರಗಳನ್ನೇ ಬ್ಯಾಕ್ಟೀರಿಯಾ ಮುಚ್ಚಿಕೊಂಡಿರಬಹುದು. ಐಸಿಯುಗಳಲ್ಲಿ ಕಾಡುವ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಲ್ಲಿರುವುದು ಬಹಳ ಸಲ ಆಕ್ಸಾ-23 ಜೀನ್, ಅದು ಈ ಕಾರ್ಟ್ರಿಜ್‌ನ ಲೆಕ್ಕದಲ್ಲೇ ಇಲ್ಲ. ಅದಕ್ಕಾಗಿ ಪ್ರತಿ ನೆಗೆಟಿವ್ ರಿಪೋರ್ಟಿನಲ್ಲೂ "ಇದರ ಆಧಾರದ ಮೇಲೆ ಕಡಿಮೆ ಬಲದ ಔಷಧಕ್ಕೆ ಇಳಿಯಬೇಡಿ, ಸೆನ್ಸಿಟಿವಿಟಿಗೆ ಕಾಯಿರಿ" ಎಂಬ ಸಾಲು ಹಾಕಿಸಿದೆ. ಕಲ್ಚರ್ ಅನ್ನು ಒಂದು ಸಲವೂ ಬಿಟ್ಟಿಲ್ಲ.

ಇನ್ನು ಫೋನು. ರಾತ್ರಿ ಎರಡಕ್ಕೆ ಬಂದ ಉತ್ತರ ಕಂಪ್ಯೂಟರಿನಲ್ಲಿ ಬೆಳಗಿನ ರೌಂಡ್ಸ್‌ವರೆಗೆ ಕೂತಿದ್ದರೆ ಕಾರ್ಟ್ರಿಜ್ ಖರ್ಚು ಮಾಡಿದ್ದು ಯಾಕೆ? ನಮ್ಮ ಟೆಕ್ನಿಷಿಯನ್ ಡ್ಯೂಟಿ ಡಾಕ್ಟರಿಗೆ ಕರೆ ಮಾಡಿ, "ಎನ್‌ಡಿಎಂ ಪಾಸಿಟಿವ್ ಮೇಡಂ, ಬರೆದುಕೊಂಡು ಒಮ್ಮೆ ಓದಿ ಹೇಳಿ" ಎನ್ನುತ್ತಾರೆ. ಹೆಸರು, ಸಮಯ ರಿಜಿಸ್ಟರಿನಲ್ಲಿ. ಎರಡನೇ ಕರೆ ಇನ್‌ಫೆಕ್ಷನ್ ಕಂಟ್ರೋಲ್ ನರ್ಸಿಗೆ: ಆ ಹಾಸಿಗೆಗೆ ಗೌನು, ಗ್ಲೌಸು, ಬೇರೆ ಸ್ಟೆತಾಸ್ಕೋಪು ಆಗಲೇ ಹೋಗಬೇಕು, ಪಕ್ಕದ ರೋಗಿಗಳ ಸ್ವಾಬ್ ಲ್ಯಾಬಿಗೆ ಬರಬೇಕು.