ಸಮುದಾಯ ತಂಡದ ಮೊದಲ ಗೇಮ್: ಗೋಳಗುಮ್ಮಟಕ್ಕೆ ಮುನ್ನ ಚೌಕಾಬಾರ

ವಿಜಯಪುರದಲ್ಲಿ ಗೇಮ್ ತಯಾರಿಸುವ ಆಸೆಯಿಂದ ನಾಲ್ಕಾರು ಜನ ಸೇರಿದರೆ ಮೊದಲ ಸಭೆಯಲ್ಲೇ ಗೋಳಗುಮ್ಮಟದ ಮಾತು ಬರುತ್ತದೆ. ನಮ್ಮ ತಂಡದಲ್ಲೂ ಬಂದಿತು. ಆದಿಲ್‌ಶಾಹಿ ಕಾಲದ ಇಡೀ ಪಟ್ಟಣವನ್ನು ತ್ರೀಡಿಯಲ್ಲಿ ಕಟ್ಟಿ, ಆಟಗಾರನನ್ನು ಕುದುರೆಯ ಮೇಲೆ ಕೂರಿಸಿ ಅದರಲ್ಲಿ ತಿರುಗಾಡಿಸಬೇಕೆಂದು ನಿರ್ಧರಿಸಿದೆವು. ನಾಲ್ಕು ತಿಂಗಳು ಕಳೆದ ಮೇಲೆ ನಮ್ಮ ಬಳಿ ಇದ್ದದ್ದು ಅಂದವಾದ ಒಂದು ಗುಮ್ಮಟ, ಏಳು ಅಂತಸ್ತಿನ ಮಿನಾರುಗಳು, ಮತ್ತು ಗೋಡೆಯೊಳಗಿಂದಲೇ ಹಾಯ್ದುಹೋಗುವ ಒಂದು ಕುದುರೆ. ಗುಮ್ಮಟ ಕಟ್ಟಿದ ಗೆಳೆಯನಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿತು. ಮೂಲ ಫೈಲುಗಳು ಅವನ ಲ್ಯಾಪ್‌ಟಾಪಿನಲ್ಲೇ ಊರು ಬಿಟ್ಟವು.

ಆದ್ದರಿಂದ ಮೊದಲ ಯೋಜನೆಯನ್ನು ಆರಿಸುವಾಗ ಏನು ಮಾಡಬೇಕೆಂದು ಕೇಳುವ ಮೊದಲು ಎಷ್ಟು ಗಂಟೆಗಳಿವೆ ಎಂದು ಕೇಳಬೇಕು. ಆರು ಜನ ವಾರಕ್ಕೆ 4 ಗಂಟೆಯಂತೆ 10 ವಾರ ದುಡಿದರೆ ಕಾಗದದ ಮೇಲೆ 240 ಗಂಟೆಗಳಾಗುತ್ತವೆ. ಅದರಲ್ಲಿ ಅರ್ಧವನ್ನು ಈಗಲೇ ಕಳೆದುಬಿಡಿ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಟರ್ನಲ್ಸ್ ಪರೀಕ್ಷೆಗಳು ಬರುತ್ತವೆ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತದೆ, ಬಾಗಲಕೋಟೆ ಕಡೆಯವರಿದ್ದರೆ ಕಬ್ಬು ಕಟಾವಿನ ದಿನಗಳಲ್ಲಿ ಅವರ ಫೋನು ಹೊಲದಲ್ಲೇ ಇರುತ್ತದೆ. ಉಳಿದ 120 ಗಂಟೆ ಎಂದರೆ ದಿನಕ್ಕೆ 8 ಗಂಟೆ ದುಡಿಯುವ ಒಬ್ಬನೇ ವ್ಯಕ್ತಿಯ 15 ದಿನಗಳ ಕೆಲಸ ಮಾತ್ರ. ಈ 15 ದಿನಗಳಲ್ಲಿ ಹಿಡಿಸುವಂಥದ್ದನ್ನೇ ಆರಿಸಿಕೊಳ್ಳಬೇಕು.

ಸಂಬಳವಿಲ್ಲದ ತಂಡಗಳು ದೊಡ್ಡ ಆಟವನ್ನು ಮಾಡಲಾರವು ಎಂದು ಇದರ ಅರ್ಥವಲ್ಲ. ಪ್ರಾಚೀನ ಸಾಮ್ರಾಜ್ಯಗಳ ಯುದ್ಧತಂತ್ರದ ಆಟವಾದ ‘ಝೀರೋ ಎ.ಡಿ.’ಯನ್ನು ಹಲವು ದೇಶಗಳ ಸ್ವಯಂಸೇವಕರೇ ಕಟ್ಟಿದ್ದಾರೆ. ಆದರೆ ಅದರ ಕಲ್ಪನೆ ಮೂಡಿದ್ದು 2001ರಲ್ಲಿ, ಅದರ ಕೋಡ್ ಎಲ್ಲರಿಗೂ ಮುಕ್ತವಾದದ್ದು 2009ರಲ್ಲಿ, ಮೊದಲ ಆಲ್ಫಾ (ಆರಂಭದ ಪರೀಕ್ಷಾರ್ಥ) ಆವೃತ್ತಿ ಹೊರಬಂದದ್ದು 2010ರಲ್ಲಿ. ಅಷ್ಟು ವರ್ಷ ಕಾಯುವ ತಾಳ್ಮೆ ಹೊಸ ತಂಡಕ್ಕೆ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು. ಇನ್ನೊಂದು ತುದಿಯಲ್ಲಿ, 2009ರಲ್ಲಿ ಆರಂಭವಾದ ಗ್ಲೋಬಲ್ ಗೇಮ್ ಜಾಮ್‌ನಲ್ಲಿ 48 ಗಂಟೆಗಳೊಳಗೆ ಒಂದು ಆಟವನ್ನು ಮಾಡಿ ಮುಗಿಸುವ ಪದ್ಧತಿಯಿದೆ. ಯೋಜನೆ ಆರಿಸುವ ಮುನ್ನ ನೀವೂ ಒಂದು ಶನಿವಾರ, ಭಾನುವಾರ ಒಟ್ಟಿಗೆ ಕುಳಿತು ಏನಾದರೊಂದು ಚಿಕ್ಕ ಆಟವನ್ನು ಮಾಡಿ ನೋಡಿ. ಯಾರು ಮಾತಿನಲ್ಲಿ ಮುಂದು, ಯಾರು ಕೆಲಸದಲ್ಲಿ ಮುಂದು ಎಂಬುದು ಭಾನುವಾರ ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ತಿಳಿಯುತ್ತದೆ.

ನಾವು ಎರಡನೆಯ ಸಲ ಆರಿಸಿಕೊಂಡದ್ದು ಚೌಕಾಬಾರ. ಹೊಸ ತಂಡಗಳಿಗೆ ನಾನು ಇದನ್ನೇ, ಅಥವಾ ಹುಲಿ-ಕುರಿಯಂಥ ಇನ್ನೊಂದು ಮನೆಯಾಟವನ್ನು ಸೂಚಿಸುತ್ತೇನೆ. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆಗಳು, ನಾಲ್ಕು ಕವಡೆಗಳು, ಇಬ್ಬರಿಂದ ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿಗಳು. ಆಟ ಹೇಗೆ ಸಾಗಬೇಕು, ಕಾಯಿ ಯಾವಾಗ ಹಣ್ಣಾಗುತ್ತದೆ ಎಂಬುದು ತಂಡದ ಹಲವರಿಗೆ ಮೊದಲೇ ಗೊತ್ತಿರುವುದರಿಂದ ಆಟದ ವಿನ್ಯಾಸದ ಕುರಿತ ವಾದವಿವಾದ ಬಹುಮಟ್ಟಿಗೆ ತಪ್ಪುತ್ತದೆ. ಪೂರ್ತಿ ತಪ್ಪುವುದಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ, ಒಂದೇ ಮನೆಯಲ್ಲಿ ಕುಳಿತ ಜೋಡಿ ಕಾಯಿಗಳನ್ನು ಒಂಟಿ ಕಾಯಿ ಹೊಡೆಯಬಹುದೇ ಎಂಬ ಪ್ರಶ್ನೆಗಳಿಗೆ ಓಣಿಗೊಂದು ಉತ್ತರವಿದೆ. ಕಂಪ್ಯೂಟರ್ ಮುಂದೆ ಕೂರುವ ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಹತ್ತು ಆಟ ಆಡಿ, ಒಪ್ಪಿಕೊಂಡ ನಿಯಮಗಳನ್ನು ಒಂದೇ ಪುಟದಲ್ಲಿ ಬರೆದಿಡಿ. ಒಂದು ಪುಟ ಸಾಲದೆ ಹೋದರೆ ನೀವು ಆರಿಸಿದ ಆಟ ದೊಡ್ಡದಾಯಿತು.

ಇಷ್ಟು ಸಣ್ಣ ಆಟದಲ್ಲೂ ಕಲಿಯಲು ಸಾಕಷ್ಟಿದೆ. ನಮ್ಮ ಮೊದಲ ಆವೃತ್ತಿಯಲ್ಲಿ ಒಂದು, ಎರಡು, ಮೂರು, ಚೌಕ ಎಂದರೆ ನಾಲ್ಕು, ಬಾರ ಎಂದರೆ ಎಂಟು, ಈ ಐದರಲ್ಲಿ ಒಂದನ್ನು ಕಂಪ್ಯೂಟರ್ ಸಮಾನವಾಗಿ ಆರಿಸುವಂತೆ ಬರೆದಿದ್ದೆವು. ಚೌಕ, ಬಾರಗಳು ಮಳೆಯಂತೆ ಸುರಿದವು; ಅವು ಬಿದ್ದಾಗ ಮತ್ತೊಮ್ಮೆ ಕವಡೆ ಹಾಕುವ ಹಕ್ಕಿರುವುದರಿಂದ ಒಬ್ಬನ ಸರದಿ ಮುಗಿಯುವುದೇ ಕಷ್ಟವಾಯಿತು. ನಿಜವಾಗಿ ನಾಲ್ಕು ಕವಡೆಗಳನ್ನು ಬೇರೆ ಬೇರೆಯಾಗಿ ಎಸೆದಂತೆ ಲೆಕ್ಕ ಹಾಕಬೇಕು. ಕವಡೆ ಅಂಗಾತ, ಬೋರಲು ಬೀಳುವ ಸಾಧ್ಯತೆ ಸಮವೆಂದು ಹಿಡಿದರೆ 16 ಎಸೆತಗಳಲ್ಲಿ ಎರಡು ಬೀಳುವುದು 6 ಬಾರಿ, ಒಂದು ಮತ್ತು ಮೂರು ತಲಾ 4 ಬಾರಿ, ಚೌಕ ಮತ್ತು ಬಾರ ತಲಾ ಒಂದೇ ಬಾರಿ. ಕವಡೆಯ ಆಕಾರ ನಾಣ್ಯದಂತೆ ಸಮವಲ್ಲವಾದ್ದರಿಂದ, ಮನೆಯ ಕವಡೆಗಳನ್ನೇ ನೂರು ಸಲ ಎಸೆದು ಎಣಿಸಿದರೆ ಇನ್ನೂ ಒಳ್ಳೆಯದು.

ಆಮೇಲೆ ಬೇಡವಾದದ್ದನ್ನು ಕತ್ತರಿಸಬೇಕು. ಆನ್‌ಲೈನಿನಲ್ಲಿ ದೂರದವರೊಡನೆ ಆಡುವ ಸೌಲಭ್ಯ ಬೇಡ. ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ಆಡಿದರೆ ಸಾಕು. ಕಂಪ್ಯೂಟರ್ ಎದುರಾಳಿಯೂ ಸದ್ಯಕ್ಕೆ ಬೇಡ. ಚಿತ್ರ ಬಿಡಿಸುವವರು ಅದರಿಂದ ನಿರಾಶರಾಗಬೇಕಿಲ್ಲ: ಇಳಕಲ್ ಸೀರೆಯ ಸೆರಗಿನ ತೋಪು ತೆನಿ ವಿನ್ಯಾಸವನ್ನು ಹಾಸಿನ ಅಂಚಿಗೆ ತರುವುದೇ ಅವರಿಗೆ ಒಂದು ವಾರದ ಕೆಲಸ.

ಉಪಕರಣದ ಆಯ್ಕೆಗೆ ಹೆಚ್ಚು ಸಮಯ ಕೊಡಬೇಡಿ. ಗೇಮ್ ತಯಾರಿಸಲು ಬಳಸುವ ಗೋಡೋ ಎಂಜಿನ್ 2014ರಿಂದ ಮುಕ್ತ ತಂತ್ರಾಂಶವಾಗಿದ್ದು, ಶುಲ್ಕವಿಲ್ಲದೆ ಬಳಸಬಹುದು. ಕನ್ನಡದ ತಂಡಗಳು ಗಮನಿಸಬೇಕಾದ ಸಂಗತಿ ಒಂದೇ: ಅದರ 3ನೇ ಆವೃತ್ತಿಯಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡುವುದಿಲ್ಲ, 2023ರಲ್ಲಿ ಬಂದ 4ನೇ ಆವೃತ್ತಿಯಿಂದ ಕೂಡುತ್ತವೆ. ಬೇರೆ ಎಂಜಿನ್ ಆರಿಸುವುದಾದರೆ ಮೊದಲ ದಿನವೇ ‘ಸ್ತ್ರೀ’, ‘ಕೃಷ್ಣಾ’, ‘ಜಿಲ್ಲೆ’ ಎಂದು ಪರದೆಯ ಮೇಲೆ ಬರೆಸಿ ನೋಡಿ.

ತಂಡದಿಂದ ಒಬ್ಬರು ಹೊರಟುಹೋಗುತ್ತಾರೆ ಎಂದೇ ತಿಳಿದು ಏರ್ಪಾಡು ಮಾಡಿಕೊಳ್ಳಿ. ಎಲ್ಲ ಫೈಲುಗಳೂ ಚಿತ್ರಗಳ ಮೂಲ ಪ್ರತಿಗಳ ಸಮೇತ ಗಿಟ್ ಭಂಡಾರದಲ್ಲಿ, ಅಂದರೆ ಬದಲಾವಣೆಗಳ ದಾಖಲೆಯೊಂದಿಗೆ ಇಡೀ ತಂಡಕ್ಕೆ ಸಿಗುವ ಜಾಗದಲ್ಲಿ, ಇರಬೇಕು, ಪ್ರತಿ ಕೆಲಸವನ್ನೂ ಇಬ್ಬರು ಅರಿತಿರಬೇಕು, ಕೋಡ್ ಮತ್ತು ಚಿತ್ರಗಳನ್ನು ಯಾವ ಲೈಸೆನ್ಸಿನಡಿ ಬಿಡುತ್ತೀರಿ ಎಂಬುದು ಮೊದಲ ವಾರವೇ ಬರಹದಲ್ಲಿರಬೇಕು. ಹೋದವರು ಆಮೇಲೆ ಫೋನ್ ಎತ್ತುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಬಿಡುಗಡೆಯ ಸಮಯವನ್ನೂ 120 ಗಂಟೆಗಳ ಲೆಕ್ಕದಲ್ಲೇ ಸೇರಿಸಬೇಕು. ಸಣ್ಣ ತಂಡಗಳ ಆಟಗಳನ್ನು ಹಂಚುವ ಇಚ್.ಐಓ (itch.io) ತಾಣದಲ್ಲಿ ಒಂದೇ ಸಂಜೆಯಲ್ಲಿ ಆಟವನ್ನು ಇಡಬಹುದು. ಗೂಗಲ್ ಪ್ಲೇಯಲ್ಲಿ ಹೊಸ ವೈಯಕ್ತಿಕ ಖಾತೆ ತೆರೆದವರು ಕನಿಷ್ಠ 12 ಪರೀಕ್ಷಕರಿಂದ ಸತತ 14 ದಿನ ಆಟವನ್ನು ಪರೀಕ್ಷೆಗೆ ಒಳಪಡಿಸಬೇಕೆಂಬ ನಿಯಮವಿದೆ. ಆ ಹನ್ನೆರಡರಲ್ಲಿ ಇಬ್ಬರಾದರೂ ಐವತ್ತು ವರ್ಷ ಕಟ್ಟೆಯ ಮೇಲೆ ಚೌಕಾಬಾರ ಆಡಿದ ಅಜ್ಜಿಯರಿರಲಿ. ಅವರ ಕೈಗೆ ಫೋನ್ ಕೊಟ್ಟ ಮೇಲೆ ‘ಅಜ್ಜಿ, ಇಲ್ಲಿ ಒತ್ರಿ’ ಎಂದು ಹೇಳಿಕೊಡದೆ ಸುಮ್ಮನೆ ಪಕ್ಕದಲ್ಲಿ ಕುಳಿತು, ಅವರ ಬೆರಳು ಎಲ್ಲೆಲ್ಲಿ ತಡೆದು ನಿಂತಿತು ಎಂಬುದನ್ನು ಮಾತ್ರ ಬರೆದುಕೊಳ್ಳಿ.